ಕಪ್ಪಿನ ಮೇಲೆ ಕಪ್ಪು: ಮನೆಯ ಎಲೆಕ್ಟ್ರಾನಿಕ್ ಸಾಧನಗಳ ಬರಹ ಓದುವುದು ಹೇಗೆ?

ಪ್ರಶ್ನೆ: ನನಗೆ 54 ವರ್ಷ. ಓದುವ ಕನ್ನಡಕ ಇದೆ. ಪುಸ್ತಕ, ಮೊಬೈಲ್ ಎಲ್ಲ ಸಲೀಸಾಗಿ ಓದುತ್ತೇನೆ. ಆದರೆ ಟಿವಿ ಹಿಂದಿನ ಪೋರ್ಟ್‌ಗಳ ಹೆಸರು, ಅಡಾಪ್ಟರ್ ಮೇಲಿನ ಅಂಕಿಗಳು, ರೂಟರ್ ತಳದ ಪಾಸ್‌ವರ್ಡ್ ಒಂದೂ ಕಾಣುವುದಿಲ್ಲ. ಎಲ್ಲವೂ ಕಪ್ಪಿನ ಮೇಲೆ ಕಪ್ಪು, ಇಲ್ಲವೇ ಬೂದಿಯ ಮೇಲೆ ಬೂದು. ಮನೆಯಲ್ಲಿ ಒಂದೇ ಥರದ ಅಡಾಪ್ಟರ್‌ಗಳು ನಾಲ್ಕೈದಿವೆ, ಯಾವುದು ಯಾವುದರದ್ದು ಎಂದು ತಿಳಿಯದೆ ಹೆದರಿಕೆಯಾಗುತ್ತದೆ. ನನ್ನ ಕಣ್ಣೇ ಕೆಟ್ಟಿದೆಯೇ? ಇದನ್ನೆಲ್ಲ ಓದಲು ಏನಾದರೂ ದಾರಿ ಇದೆಯೇ?

ಉತ್ತರ: ಪುಸ್ತಕ ಓದಬಲ್ಲ ಕಣ್ಣಿಗೆ ಅಡಾಪ್ಟರ್ ಮೇಲಿನ ಬರಹ ಕಾಣುತ್ತಿಲ್ಲ ಎಂದರೆ ತಪ್ಪು ಬಹುಪಾಲು ಬರಹದ್ದೇ. ಮನೆಬಳಕೆಯ ಎಲೆಕ್ಟ್ರಾನಿಕ್ ಸಾಧನಗಳ ರಿಪೇರಿ ನನ್ನ ಕೆಲಸ. ಇಪ್ಪತ್ತೈದರ ಹುಡುಗರು ಕೂಡ ಟಿವಿಯನ್ನು ಅತ್ತಿತ್ತ ವಾಲಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪೋರ್ಟಿನ ಹೆಸರು ಹುಡುಕುವುದನ್ನು ನೋಡುತ್ತಲೇ ಇರುತ್ತೇನೆ. ವಯಸ್ಸು ಈ ಕಷ್ಟವನ್ನು ಹೆಚ್ಚಿಸುತ್ತದೆ, ಹುಟ್ಟಿಸುವುದಿಲ್ಲ.

ಎಲ್ಲರೂ ಮೊದಲು ದೂರುವುದು ಅಕ್ಷರದ ಗಾತ್ರವನ್ನು. ಅದರ ಲೆಕ್ಕ ಹಾಕಿ ನೋಡೋಣ. ಕಣ್ಣಿನ ಡಾಕ್ಟರ ಕೋಣೆಯಲ್ಲಿ ತೂಗುಹಾಕಿದ ಫಲಕದಲ್ಲಿ ಸಹಜ ದೃಷ್ಟಿಯ ಸಾಲು ಎಂದು ಒಂದಿರುತ್ತದೆಯಲ್ಲ, ಆ ಸಾಲಿನ ಅಕ್ಷರದ ಎತ್ತರ ಕಣ್ಣಿನ ಬಳಿ ಒಂದು ಡಿಗ್ರಿಯ ಹನ್ನೆರಡನೇ ಒಂದು ಭಾಗದಷ್ಟು ಕೋನ ಮಾಡುತ್ತದೆ. ಕೈಯಲ್ಲಿ ಹಿಡಿದು ಓದುವ 40 ಸೆಂ.ಮೀ. ದೂರಕ್ಕೆ ಇದು ಸುಮಾರು 0.6 ಮಿ.ಮೀ. ಎತ್ತರದ ಅಕ್ಷರ; ಒಂದು ಮೀಟರ್ ದೂರಕ್ಕೆ ಸುಮಾರು 1.5 ಮಿ.ಮೀ. ಇದು ಕಷ್ಟಪಟ್ಟು ಗುರುತಿಸುವ ಮಟ್ಟ. ಆರಾಮವಾಗಿ ಓದಲು ಇದರ ಎರಡು ಮೂರು ಪಟ್ಟು ಬೇಕು. ಅಡಾಪ್ಟರ್ ಮೇಲಿನ ಅಕ್ಷರ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮಿಲಿಮೀಟರ್ ಇರುತ್ತದೆ. ಅಂದರೆ ಬರೀ ಗಾತ್ರವನ್ನು ನೋಡಿದರೆ, ಕೈಯಲ್ಲಿ ಹಿಡಿದಾಗ ಅದು ಓದಲು ಬರಬೇಕು. ಟಿವಿಯ ಹಿಂಬದಿಯನ್ನು ಒಂದು ಮೀಟರ್ ದೂರದಿಂದ ಬಗ್ಗಿ ನೋಡುವಾಗ ಮಾತ್ರ ಗಾತ್ರವೂ ಸಾಲದು.

ಹಾಗಾದರೆ ಕೈಯಲ್ಲಿದ್ದದ್ದೂ ಯಾಕೆ ಕಾಣುವುದಿಲ್ಲ? ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಬೇಕಾದ ಕಾಂಟ್ರಾಸ್ಟ್ ಇಲ್ಲದಿರುವುದೇ ಮುಖ್ಯ ಕಾರಣ. ವೆಬ್ ಪುಟಗಳಿಗಾಗಿ ಇರುವ ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಈ ಅಂತರವನ್ನು 1ರಿಂದ 21ರವರೆಗಿನ ಅನುಪಾತವಾಗಿ ಅಳೆಯುತ್ತದೆ. ಬಿಳಿಯ ಮೇಲೆ ಕಪ್ಪು ಅಂದರೆ 21. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು ಎನ್ನುತ್ತದೆ ಆ ಮಾರ್ಗಸೂಚಿ. ಇದು ಪ್ಲಾಸ್ಟಿಕ್ ಡಬ್ಬಿಗಳಿಗೆ ಬರೆದ ನಿಯಮವಲ್ಲ, ಆದರೂ ಅಳತೆಗೋಲಾಗಿ ಉಪಯೋಗಕ್ಕೆ ಬರುತ್ತದೆ. ಕಪ್ಪು ಪ್ಲಾಸ್ಟಿಕ್ಕಿನಲ್ಲೇ ಉಬ್ಬಿಸಿದ ಕಪ್ಪು ಅಕ್ಷರಕ್ಕೆ ಬಣ್ಣದ ಅಂತರವೇ ಇಲ್ಲ, ಅನುಪಾತ 1. ಅಲ್ಲಿ ನೀವು ಓದುವುದು ಅಕ್ಷರವನ್ನಲ್ಲ, ಅದರ ಅಂಚು ಚೆಲ್ಲುವ ನೆರಳನ್ನು. ನೆರಳು ಬೀಳದ ಬೆಳಕಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಬೆಳ್ಳಿ ಬಣ್ಣದ ಮೈಮೇಲೆ ಬೂದು ಅಕ್ಷರ ಇನ್ನೊಂದು ಬಗೆಯ ಕಾಟ. ಒಂದು ಕೋನದಲ್ಲಿ ಮೈ ಹೊಳೆದು ಅಕ್ಷರ ಎದ್ದು ಕಾಣುತ್ತದೆ, ತುಸು ತಿರುಗಿಸಿದರೆ ಮಾಯ.

ಕಣ್ಣಿನ ಪಾಲನ್ನೂ ಹೇಳಿಬಿಡುತ್ತೇನೆ. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಪೆಡಸಾಗಿ ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವುದು ಕಡಿಮೆಯಾಗುತ್ತದೆ. ಇದಕ್ಕೇ ಚಾಳೀಸು ಹಾಕುವುದು. ಆದರೆ ಚಾಳೀಸಿಗೆ ದಕ್ಕದ ಬದಲಾವಣೆಗಳೂ ಇವೆ. ಕಣ್ಣಿನ ಪಾಪೆ ಮೊದಲಿನಷ್ಟು ಅಗಲವಾಗಿ ತೆರೆಯುವುದಿಲ್ಲ, ಮಸೂರ ಹಳದಿಗೆ ತಿರುಗುತ್ತದೆ, ಒಳಹೋಗುವ ಬೆಳಕೇ ಕಡಿಮೆಯಾಗುತ್ತದೆ. ಹಾಗಾಗಿ ಕಾಂಟ್ರಾಸ್ಟ್ ಚೆನ್ನಾಗಿದ್ದರೆ ಏನೂ ತೊಂದರೆ ಗೊತ್ತಾಗದು, ಮಸುಕಾದದ್ದು ಮಾತ್ರ ಕೈಕೊಡುತ್ತದೆ. ನಿಮಗೆ ಆಗುತ್ತಿರುವುದು ಅದೇ ಇರಬೇಕು. ಒಂದೇ ಕಣ್ಣಿಗೆ ಮಂಜು ಮಂಜಾಗಿ ಕಂಡರೆ, ರಾತ್ರಿ ದೀಪಗಳ ಸುತ್ತ ಪ್ರಭೆ ಕಂಡರೆ, ದೃಷ್ಟಿ ಇದ್ದಕ್ಕಿದ್ದಂತೆ ಬದಲಾದರೆ ಅದು ಡಾಕ್ಟರರಿಗೆ ತೋರಿಸಬೇಕಾದ ವಿಷಯ.

ಕಂಪನಿಗಳು ಯಾಕೆ ಹೀಗೆ ಮಾಡುತ್ತವೆ? ಅಚ್ಚಿನಲ್ಲೇ ಅಕ್ಷರ ಕೊರೆದುಬಿಟ್ಟರೆ ಪ್ರತಿ ಡಬ್ಬಿಯೂ ಬರಹ ಸಮೇತ ಹೊರಬರುತ್ತದೆ. ಶಾಯಿ ಬೇಡ, ಮುದ್ರಿಸುವ ಇನ್ನೊಂದು ಹಂತ ಬೇಡ, ಅಳಿಸಿಹೋಗುವ ಭಯವೂ ಇಲ್ಲ. ಲೇಸರಿನಿಂದ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಸುಟ್ಟು ಬರೆಯುವುದೂ ಹಾಗೆಯೇ, ಶಾಯಿಯ ಖರ್ಚಿಲ್ಲ. ಆದರೆ ಕಪ್ಪಿನ ಮೇಲೆ ಅನೇಕ ಬಾರಿ ಸಿಗುವುದು ಮಂಕು ಬೂದು. ಜೊತೆಗೆ ಸಾಧನ ಕಣ್ಣಿಗೆ 'ಸ್ವಚ್ಛ'ವಾಗಿ ಕಾಣಬೇಕು ಎಂಬ ವಿನ್ಯಾಸದವರ ಒತ್ತಾಯ. ಸುರಕ್ಷತಾ ಮಾನದಂಡಗಳು ಬರಹ ಅಳಿಯಬಾರದು ಎಂಬುದರ ಬಗ್ಗೆ ಬಲು ಕಟ್ಟುನಿಟ್ಟು. ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಗೃಹೋಪಕರಣಗಳಿಗಾಗಿ ಹೊರಡಿಸಿದ 60335-1 ಮಾನದಂಡದಲ್ಲಿ ನೀರಲ್ಲಿ ಅದ್ದಿದ ಬಟ್ಟೆಯಿಂದ 15 ಸೆಕೆಂಡ್, ಪೆಟ್ರೋಲಿಯಂ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ 15 ಸೆಕೆಂಡ್ ಕೈಯಿಂದ ಉಜ್ಜಿ ನೋಡುವ ಪರೀಕ್ಷೆಯೇ ಇದೆ. ಆದರೆ ಕಪ್ಪಿನ ಮೇಲೆ ಕಪ್ಪಾಗಿ ಉಬ್ಬಿಸಿದ ಅಕ್ಷರ ಎಷ್ಟು ಉಜ್ಜಿದರೂ ಹೋಗುವುದಿಲ್ಲವಲ್ಲ! ಬಾಳಿಕೆಯನ್ನು ಅಳೆಯುವಷ್ಟು ಶ್ರದ್ಧೆಯಿಂದ ಓದಿಕೆಯನ್ನೂ ಅಳೆಯಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅದು ಆಗದ ಮಾತೇನಲ್ಲ. ಪ್ರಯೋಗಾಲಯ ಮತ್ತು ಅಳತೆ ಉಪಕರಣಗಳ ಐಇಸಿ 61010-1 ಮಾನದಂಡ ಎಚ್ಚರಿಕೆಯ ಗುರುತುಗಳು ಹಿನ್ನೆಲೆಗಿಂತ ಎದ್ದು ಕಾಣುವ ಬಣ್ಣದಲ್ಲಿರಬೇಕು, ಅಚ್ಚಿನಲ್ಲೇ ಮೂಡಿಸಿ ಬಣ್ಣ ಬೇರೆ ಮಾಡದಿದ್ದರೆ ಕನಿಷ್ಠ ಅರ್ಧ ಮಿಲಿಮೀಟರ್ ಉಬ್ಬು ಅಥವಾ ತಗ್ಗು ಇರಬೇಕು ಎಂದು ಅಂಕಿ ಹಾಕಿಯೇ ಹೇಳುತ್ತದೆ.

ಇನ್ನು ಓದುವ ದಾರಿ. ಎಲ್ಲರೂ ಮಾಡುವ ಕೆಲಸ ಮೊಬೈಲ್ ಟಾರ್ಚನ್ನು ನೇರವಾಗಿ ಅಕ್ಷರದ ಮುಂದೆ ಹಿಡಿಯುವುದು. ಹಾಗೆ ಹಿಡಿದರೆ ಬೆಳಕು ಉಬ್ಬಿನ ಮೇಲೂ ತಗ್ಗಿನ ಮೇಲೂ ಒಂದೇ ಸಮ ಬಿದ್ದು ನೆರಳು ಅಳಿಸಿಹೋಗುತ್ತದೆ. ಟಾರ್ಚನ್ನು ಪಕ್ಕಕ್ಕೆ ತನ್ನಿ, ಮೇಲ್ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿಸಿ. ಬೆಳಕು ಪ್ಲಾಸ್ಟಿಕ್ಕನ್ನು ಸವರಿಕೊಂಡು ಹೋಗಬೇಕು. ಈಗ ಪ್ರತಿ ಅಕ್ಷರದ ಒಂದು ಅಂಚು ಮಿಂಚಿ, ಇನ್ನೊಂದು ಅಂಚಿನ ಹಿಂದೆ ಗೆರೆಯಂಥ ನೆರಳು ಬೀಳುತ್ತದೆ. ಬೆಳಕು ಎಡದಿಂದ ಬಂದರೆ ನಿಂತ ಗೆರೆಗಳು ಚೆನ್ನಾಗಿ ಕಾಣುತ್ತವೆ, ಅಡ್ಡಗೆರೆಗಳು ಮಸುಕಾಗುತ್ತವೆ. ಮೇಲಿನಿಂದ ಬಂದರೆ ಇದರ ತಿರುಗುಮುರುಗು. ಆದ್ದರಿಂದ ಎರಡೂ ದಿಕ್ಕಿನಿಂದ ಒಮ್ಮೊಮ್ಮೆ ನೋಡಿ, ಇಲ್ಲವೇ ಮೂಲೆಯಿಂದ ಓರೆಯಾಗಿ ಬೆಳಕು ಬಿಡಿ. ಕೋಣೆಯ ದೀಪ ಆರಿಸಿದರೆ ಇನ್ನೂ ಸ್ಪಷ್ಟ. ಹಳೆಯ ಶಾಸನಗಳ ಸವೆದ ಅಕ್ಷರ ಓದುವವರು ಮಾಡುವುದೂ ಇದನ್ನೇ.

ಕೈಗೆಟುಕದ ಜಾಗವಾದರೆ ಫೋನ್ ಕ್ಯಾಮೆರಾ ನಿಮ್ಮ ಕಣ್ಣಾಗಲಿ. ಕ್ಯಾಮೆರಾದ ಸ್ವಂತ ಫ್ಲ್ಯಾಷ್ ಆರಿಸಿಬಿಡಿ, ಅದು ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ನೇರ ಬೆಳಕೇ ಬೀಳುತ್ತದೆ. ಬೇರೊಂದು ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ಲೆನ್ಸನ್ನು ತೀರಾ ಹತ್ತಿರ ಒಯ್ದರೆ ಫೋಕಸ್ ಆಗುವುದಿಲ್ಲ, ಒಂದು ಗೇಣು ಹಿಂದೆ ನಿಂತು ಜೂಮ್ ಮಾಡುವುದು ವಾಸಿ. ಆಮೇಲೆ ಫೋಟೊ ಎಡಿಟ್‌ನಲ್ಲಿ ಕಾಂಟ್ರಾಸ್ಟ್ ಏರಿಸಿ, ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿ. ಐಫೋನಿನಲ್ಲಿ ಮ್ಯಾಗ್ನಿಫೈಯರ್ ಎಂಬ ಆ್ಯಪ್ ಮೊದಲೇ ಇರುತ್ತದೆ, ಆಂಡ್ರಾಯ್ಡ್‌ನಲ್ಲೂ ಇಂಥವು ಸಿಗುತ್ತವೆ. ಬಣ್ಣಗಳನ್ನು ತಿರುಗಿಸಿ ತೋರಿಸುವ ಸೌಲಭ್ಯ ಅದರಲ್ಲಿದೆ. ಓದಿದ ಮೇಲೆ ಆ ಫೋಟೊ ಅಳಿಸಬೇಡಿ. ಮನೆಯ ಪ್ರತಿ ಸಾಧನದ ಲೇಬಲ್ ಫೋಟೊ ಒಂದು ಆಲ್ಬಮ್‌ನಲ್ಲಿದ್ದರೆ ಮುಂದಿನ ಸಲ ಟಿವಿ ಸರಿಸುವ ಕೆಲಸವೇ ಇರುವುದಿಲ್ಲ.

ಉಬ್ಬಿದ ಅಥವಾ ಕೊರೆದ ಅಕ್ಷರಕ್ಕೆ ಕಾಯಂ ಪರಿಹಾರವೂ ಇದೆ, ಅದಕ್ಕೆ ಬಣ್ಣ ತುಂಬುವುದು. ಬಿಳಿ ಮೇಣದ ಕ್ರೇಯಾನ್ ಸಾಕು. ಸಾಧನದ ಪ್ಲಗ್ ತೆಗೆದು, ಒಣಬಟ್ಟೆಯಲ್ಲಿ ಧೂಳು ಒರೆಸಿ. ಅಕ್ಷರ ತಗ್ಗಿನಲ್ಲಿದ್ದರೆ ಕ್ರೇಯಾನನ್ನು ಎಲ್ಲ ದಿಕ್ಕಿನಲ್ಲೂ ಒತ್ತಿ ಉಜ್ಜಿ, ಆಮೇಲೆ ಗಟ್ಟಿ ಕಾಗದದ ಅಂಚಿನಿಂದ ಮೇಲ್ಮೈಯನ್ನು ಕೆರೆದು, ಬಟ್ಟೆಯಿಂದ ಹಗುರಾಗಿ ಒರೆಸಿ. ಮೇಲಿನ ಮೇಣ ಹೋಗಿ ತಗ್ಗಿನದು ಉಳಿಯುತ್ತದೆ, ಅಕ್ಷರ ಬೆಳ್ಳಗೆ ಎದ್ದು ನಿಲ್ಲುತ್ತದೆ. ಅಕ್ಷರ ಉಬ್ಬಿದ್ದರೆ ಕ್ರೇಯಾನನ್ನು ಅಡ್ಡಲಾಗಿ ಮಲಗಿಸಿ ತಲೆಯ ಮೇಲಷ್ಟೇ ಸವರಿಕೊಂಡು ಹೋಗಿ. ಚಾಕ್ ಪುಡಿಯೂ ಕೆಲಸ ಮಾಡುತ್ತದೆ, ಆದರೆ ಪೋರ್ಟ್ ಮತ್ತು ಗಾಳಿಕಿಂಡಿಗಳ ಹತ್ತಿರ ಪುಡಿ ಬೇಡವೇ ಬೇಡ. ಮುದ್ರಿಸಿದ ಬರಹದ ಮೇಲೆ ಸ್ಪಿರಿಟ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಹಾಕಿ ಒರೆಸಬೇಡಿ. ಉಳಿದಿದ್ದ ಶಾಯಿಯೂ ಹೋಗಬಹುದು. ಉಗುರುಬಣ್ಣದ ದ್ರವದಲ್ಲಿ ಹೆಚ್ಚಾಗಿ ಇರುವ ಅಸಿಟೋನ್ ಇಂಥ ಡಬ್ಬಿಗಳ ಎಬಿಎಸ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ನಿಮ್ಮ ಹೆದರಿಕೆಯ ಅಡಾಪ್ಟರ್ ವಿಚಾರಕ್ಕೆ ಬರೋಣ, ನಿಜವಾದ ನಷ್ಟ ಆಗುವುದು ಇಲ್ಲಿಯೇ. ಅಷ್ಟೊಂದು ಬರಹದಲ್ಲಿ ನಿಮಗೆ ಬೇಕಾದದ್ದು 'ಔಟ್‌ಪುಟ್' ಎಂಬ ಒಂದು ಸಾಲು. 'ಇನ್‌ಪುಟ್' ಸಾಲಿನಲ್ಲಿ ಬಹುತೇಕ 100-240 ವೋಲ್ಟ್, 50/60 ಹರ್ಟ್ಸ್ ಎಂದಿರುತ್ತದೆ, ಅದು ಗೋಡೆಯ ಸಾಕೆಟ್ಟಿಗೆ ಸಂಬಂಧಿಸಿದ್ದು. ಔಟ್‌ಪುಟ್‌ನಲ್ಲಿ ವೋಲ್ಟ್ ಸಂಖ್ಯೆ ಸಾಧನ ಕೇಳುವ ಸಂಖ್ಯೆಗೆ ಸರಿಯಾಗಿ ಹೊಂದಬೇಕು. ಆಂಪಿಯರ್ ಮಾತ್ರ ಸಾಧನ ಕೇಳುವಷ್ಟೇ ಇರಬಹುದು, ಹೆಚ್ಚೂ ಇರಬಹುದು, ಕಡಿಮೆ ಇರಬಾರದು. 12 ವೋಲ್ಟಿನ ರೂಟರಿಗೆ 9 ವೋಲ್ಟ್ ಹಾಕಿದರೆ ಅದು ಆನ್ ಆಗದೇ ಇರಬಹುದು, ಅಥವಾ ಆಗಾಗ ತಾನೇ ಆಫ್ ಆಗಿ ಆನ್ ಆಗಬಹುದು. 5 ವೋಲ್ಟಿನ ಸಾಧನಕ್ಕೆ 12 ವೋಲ್ಟ್ ಹಾಕಿದರೆ ಸುಟ್ಟೇ ಹೋಗಬಹುದು. ಪಿನ್ ಸರಿಯಾಗಿ ಕೂತಿತು ಎಂಬುದು ಯಾವ ಭರವಸೆಯೂ ಅಲ್ಲ, ಹೊರವ್ಯಾಸ 5.5 ಮಿ.ಮೀ. ಇರುವ ಒಂದೇ ದುಂಡು ಪಿನ್ ಬೇರೆ ಬೇರೆ ವೋಲ್ಟಿನ ಅಡಾಪ್ಟರ್‌ಗಳಲ್ಲಿ ಬರುತ್ತದೆ.

ಅಂಕಿ ಮಸುಕಾಗಿದ್ದರೆ ತಾಳೆ ನೋಡಲು ಒಂದು ಉಪಾಯ. ಅನೇಕ ಅಡಾಪ್ಟರ್‌ಗಳಲ್ಲಿ ವ್ಯಾಟ್ ಕೂಡ ಬರೆದಿರುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ನೀವು 12 ವೋಲ್ಟ್, 1.5 ಆಂಪಿಯರ್ ಎಂದು ಓದಿದ್ದು ಸರಿಯಾಗಿದ್ದರೆ 18 ವ್ಯಾಟ್ ಎಂದಿರಬೇಕು. 15 ಆಂಪಿಯರ್ ಎಂದು ಕಂಡಿದ್ದರೆ ನಡುವಿನ ಚುಕ್ಕಿ ಸವೆದಿದೆ ಎಂದರ್ಥ. ಅಂಕಿಗಳ ಪಕ್ಕದ ಗುರುತು ನೋಡುವುದೂ ಮುಖ್ಯ. ಒಂದು ನೇರ ಗೆರೆ, ಅದರ ಕೆಳಗೆ ಮೂರು ತುಂಡುಗೆರೆ ಇದ್ದರೆ ಡಿಸಿ. ಅಲೆಯಂಥ ಗೆರೆ ಇದ್ದರೆ ಎಸಿ. ಔಟ್‌ಪುಟ್‌ನಲ್ಲೂ ಎಸಿ ಕೊಡುವ ಅಡಾಪ್ಟರ್‌ಗಳು ಇವೆ, ಅವನ್ನು ಡಿಸಿ ಸಾಧನಕ್ಕೆ ಹಾಕಬಾರದು. ಇನ್ನೊಂದು ಚಿತ್ರದಲ್ಲಿ ನಡುವೆ ಚುಕ್ಕಿ, ಸುತ್ತ ಅರ್ಧ ಉಂಗುರ, ಎರಡೂ ಬದಿಗೆ ಕೂಡು ಮತ್ತು ಕಳೆ ಗುರುತು ಇರುತ್ತವೆ. ಚುಕ್ಕಿಗೆ ಸೇರಿದ ಗುರುತು ಪಿನ್ನಿನ ಒಳಭಾಗದ್ದು. ಹೆಚ್ಚಿನವು ಒಳಗೆ ಕೂಡು, ಎಲ್ಲವೂ ಅಲ್ಲ. ಸಾಧನದ ಮೇಲಿನ ಚಿತ್ರವೂ ಅಡಾಪ್ಟರಿನ ಚಿತ್ರವೂ ಒಂದೇ ಆಗಿರಬೇಕು. ಏನೂ ಓದಲಾಗದಿದ್ದರೆ ಊಹೆ ಮಾಡಿ ಹಾಕಬೇಡಿ, ಮಲ್ಟಿಮೀಟರ್ ಇರುವವರಿಂದ ಅಳೆಸಿ. ಅಂಗೈಯಲ್ಲಿ ಭಾರವೆನಿಸುವ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗಳು ಸಾಧನಕ್ಕೆ ಸಿಕ್ಕಿಸದೆ ಅಳೆದಾಗ ಬರೆದದ್ದಕ್ಕಿಂತ ಹೆಚ್ಚು ವೋಲ್ಟ್ ತೋರಿಸುತ್ತವೆ, ಅದು ಕೆಟ್ಟ ಲಕ್ಷಣವಲ್ಲ. ಯುಎಸ್‌ಬಿ ಟೈಪ್-ಸಿ ಚಾರ್ಜರ್‌ಗಳ ಮೇಲೆ 5, 9, 15, 20 ವೋಲ್ಟ್ ಎಂದು ಸಾಲು ಸಾಲು ಇದ್ದರೆ ಗಾಬರಿ ಬೇಡ. ಪವರ್ ಡೆಲಿವರಿ ಪದ್ಧತಿಯಲ್ಲಿ ಸಾಧನ ಕೇಳಿದ ಮೇಲಷ್ಟೇ ಚಾರ್ಜರ್ 5ಕ್ಕಿಂತ ಮೇಲಿನ ವೋಲ್ಟ್ ಕೊಡುತ್ತದೆ.

ರೂಟರ್ ತಳದ ಲೇಬಲ್‌ನಲ್ಲಿ ಕ್ಯೂಆರ್ ಕೋಡ್ ಇದ್ದರೆ ಅದನ್ನೇ ಸ್ಕ್ಯಾನ್ ಮಾಡಿ, ಅನೇಕ ರೂಟರ್‌ಗಳಲ್ಲಿ ಅದರಿಂದಲೇ ವೈಫೈಗೆ ಸೇರಬಹುದು. ಕೈಯಲ್ಲೇ ಓದಬೇಕಾದರೆ ಸೊನ್ನೆಯೋ ಇಂಗ್ಲಿಷಿನ 'ಓ' ಅಕ್ಷರವೋ, ಒಂದೋ 'ಐ'ಯೋ, ಎಂಟೋ 'ಬಿ'ಯೋ, ಐದೋ 'ಎಸ್' ಅಕ್ಷರವೋ ಎಂಬ ಗೊಂದಲ ತಪ್ಪಿದ್ದಲ್ಲ. ರೂಟರನ್ನು ಜಾಲದಲ್ಲಿ ಗುರುತಿಸುವ ಮ್ಯಾಕ್ ವಿಳಾಸದಲ್ಲಾದರೆ ಸ್ವಲ್ಪ ಸುಲಭ: ಅದರಲ್ಲಿ ಬರುವುದು 0ಯಿಂದ 9ರವರೆಗಿನ ಅಂಕಿ ಮತ್ತು 'ಎ'ಯಿಂದ 'ಎಫ್'ವರೆಗಿನ ಅಕ್ಷರ ಮಾತ್ರ. ದುಂಡಗೆ ಕಂಡದ್ದು ಸೊನ್ನೆಯೇ, ಸೊಟ್ಟಗೆ ಕಂಡದ್ದು ಐದೇ. ವಾಹನಗಳ 17 ಅಕ್ಷರದ ಗುರುತಿನ ಸಂಖ್ಯೆಯಲ್ಲಿ ಇದೇ ಗೊಂದಲ ಬಾರದಿರಲೆಂದು 'ಐ', 'ಓ', 'ಕ್ಯೂ' ಅಕ್ಷರಗಳನ್ನು ಬಳಸುವುದೇ ಇಲ್ಲ. ರೂಟರ್ ಪಾಸ್‌ವರ್ಡ್ ಹಾಕುವವರೂ ಇದನ್ನು ಪಾಲಿಸಬಹುದಿತ್ತು. ಮತ್ತೊಂದು ಎಚ್ಚರ: ರೂಟರ್ ಹಿಂಬದಿಯ ರೀಸೆಟ್ ಗುಂಡಿಯೂ, ಪಾಸ್‌ವರ್ಡ್ ಟೈಪಿಸದೆ ವೈಫೈಗೆ ಸೇರಿಸುವ ಡಬ್ಲ್ಯೂಪಿಎಸ್ ಗುಂಡಿಯೂ ಅನೇಕ ಬಾರಿ ಅಕ್ಕಪಕ್ಕದಲ್ಲೇ ಇರುತ್ತವೆ, ಕೆಲವದರಲ್ಲಿ ಒಂದೇ ಗುಂಡಿಗೆ ಎರಡೂ ಕೆಲಸ. ರೀಸೆಟ್ಟನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ನಿಮ್ಮ ಸೆಟ್ಟಿಂಗ್ ಎಲ್ಲ ಅಳಿದುಹೋಗುತ್ತದೆ. ಓದದೆ ಒತ್ತಬೇಡಿ.

ಟಿವಿ ಹಿಂದೆ ಎಚ್‌ಡಿಎಂಐ ಪೋರ್ಟ್‌ಗಳು ಎರಡು ಮೂರು ಇದ್ದರೂ ಸಾಮಾನ್ಯವಾಗಿ ಒಂದರ ಪಕ್ಕದಲ್ಲಿ ಮಾತ್ರ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿರುತ್ತದೆ. ಟಿವಿಯ ಶಬ್ದ ಎಚ್‌ಡಿಎಂಐ ಕೇಬಲ್ ಮೂಲಕ ಸೌಂಡ್‌ಬಾರ್‌ಗೆ ಹೋಗುವುದು ಆ ಪೋರ್ಟಿನಿಂದಲೇ. ಸೌಂಡ್‌ಬಾರ್ ಕೆಟ್ಟಿದೆ ಎಂದು ತರುವವರಲ್ಲಿ ಕೆಲವರ ತೊಂದರೆ ಬರೀ ಇಷ್ಟೇ ಆಗಿರುತ್ತದೆ, ಕೇಬಲ್ ಪಕ್ಕದ ಪೋರ್ಟಿನಲ್ಲಿ ಕೂತಿರುತ್ತದೆ. ಬಗ್ಗಿ ನೋಡಲಾಗದಿದ್ದರೆ ತಯಾರಕರ ವೆಬ್‌ಸೈಟಿನಿಂದ ಕೈಪಿಡಿ ಇಳಿಸಿಕೊಳ್ಳಿ. ಹಿಂಬದಿಯ ಚಿತ್ರ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆಯಲ್ಲಿ ಸ್ಪಷ್ಟವಾಗಿರುತ್ತದೆ, ಪರದೆಯ ಮೇಲೆ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಅದಕ್ಕೆ ಬೇಕಾದ ಮಾಡೆಲ್ ಸಂಖ್ಯೆಯನ್ನೂ ಲೇಬಲ್‌ನಲ್ಲೇ ಹುಡುಕಬೇಕಾಗಿಲ್ಲ, ಟಿವಿಯ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್' ಅಥವಾ 'ಸಪೋರ್ಟ್' ಎಂಬಲ್ಲಿ ಸಿಗುತ್ತದೆ.

ಒಮ್ಮೆ ಓದಿ ತಿಳಿದ ಮೇಲೆ ನಿಮ್ಮದೇ ಲೇಬಲ್ ಹಚ್ಚಿ. ಅಡಾಪ್ಟರಿನ ಎರಡೂ ತುದಿಗೆ, ಅಂದರೆ ಡಬ್ಬಿಗೂ ಪಿನ್ನಿನ ಹತ್ತಿರದ ವೈರಿಗೂ, ಬಿಳಿ ಅಥವಾ ಹಳದಿ ಟೇಪಿನ ಮೇಲೆ ದಪ್ಪ ಕಪ್ಪು ಮಾರ್ಕರಿನಲ್ಲಿ 'ರೂಟರ್, 12 ವೋಲ್ಟ್' ಎಂದು ಕನ್ನಡದಲ್ಲೇ ಬರೆಯಿರಿ. ಕನ್ನಡದ ಅಕ್ಷರಕ್ಕೆ ಒತ್ತು, ಗುಣಿತ ಎಲ್ಲ ಇರುವುದರಿಂದ ಇಂಗ್ಲಿಷ್ ದೊಡ್ಡಕ್ಷರಕ್ಕಿಂತ ಹೆಚ್ಚು ಜಾಗ ಕೊಡಬೇಕು. ಕೈಯಲ್ಲಿ ಹಿಡಿದು ಓದುವುದಕ್ಕೆ 4 ಮಿ.ಮೀ., ನಿಂತು ನೋಡುವುದಕ್ಕೆ 8ರಿಂದ 10 ಮಿ.ಮೀ. ಎತ್ತರವಿದ್ದರೆ ಒಳ್ಳೆಯದು. ಮೂಲ ಲೇಬಲ್ಲಿನ ಮೇಲೆ ಅಂಟಿಸಬೇಡಿ, ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಕೀಳಬೇಡಿ, ವಾರಂಟಿಗೆ ಅದು ಬೇಕು. ಗಾಳಿಕಿಂಡಿ ಮುಚ್ಚಬೇಡಿ. ರಿಮೋಟಿನಲ್ಲಿ ಆನ್-ಆಫ್ ಗುಂಡಿಗೆ ಪಾರದರ್ಶಕ ಉಬ್ಬು ಚುಕ್ಕಿಯ ಸ್ಟಿಕ್ಕರ್ ಹಚ್ಚಿದರೆ ನೋಡುವ ಕೆಲಸವೇ ಇಲ್ಲ. ಸಂಖ್ಯೆಗಳಿರುವ ರಿಮೋಟಿನಲ್ಲಿ 5ರ ಗುಂಡಿಯ ಮೇಲೆ ಅನೇಕ ಬಾರಿ ಅಂಥ ಚುಕ್ಕಿ ಮೊದಲೇ ಇರುತ್ತದೆ, ಅದನ್ನು ಹಿಡಿದು ಉಳಿದವನ್ನು ಬೆರಳಿನಲ್ಲೇ ಲೆಕ್ಕ ಹಾಕಬಹುದು.

ಕೆಂಪು-ಹಸಿರು ಎರಡೇ ಬಣ್ಣದ ಒಂದೇ ಪುಟ್ಟ ದೀಪದಿಂದ ಸ್ಥಿತಿ ತಿಳಿಸುವ ಚಾರ್ಜರ್‌ಗಳೂ ಇದೇ ಜಾತಿಗೆ ಸೇರಿದವು. ಕೆಂಪು-ಹಸಿರು ಬೇರೆ ಮಾಡಲಾಗದ ಗಂಡಸರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಹೆಂಗಸರಲ್ಲಿ ಇದು ಬಹಳ ಕಡಿಮೆ. ಹೀಗೆ ಬಣ್ಣ ಬೇರೆ ಮಾಡಲಾಗದವರಿಗೆ ಆ ದೀಪ ಏನನ್ನೂ ಹೇಳುವುದಿಲ್ಲ. ಮಿನುಗುವುದು ಮತ್ತು ಸ್ಥಿರವಾಗಿ ಉರಿಯುವುದು ಎಂಬ ವ್ಯತ್ಯಾಸವಿರುವ ಚಾರ್ಜರ್ ಕೊಳ್ಳಿ.

ಮುಂದೆ ಏನೇ ಕೊಳ್ಳುವಾಗಲೂ ಅಂಗಡಿಯಲ್ಲಿ ಸಾಧನದ ಹಿಂಬದಿ ತಿರುಗಿಸಿ ನೋಡಿ. ಅಂಗಡಿಯ ಬೆಳಕು ಮನೆಯದಕ್ಕಿಂತ ಪ್ರಖರವಾಗಿರುತ್ತದೆ, ಆ ಬೆಳಕಿನಲ್ಲೇ ಓದಲಾಗದಿದ್ದರೆ ಟಿವಿ ಸ್ಟ್ಯಾಂಡಿನ ಹಿಂದಿನ ಕತ್ತಲಲ್ಲಿ ಓದುವ ಮಾತೇ ಇಲ್ಲ. ಮಾರಾಟವಾದ ಮೇಲೂ ಸುಮ್ಮನಿರಬೇಡಿ. ತಯಾರಕರ ಗ್ರಾಹಕ ಸೇವೆಗೆ ಮಾಡೆಲ್ ಸಂಖ್ಯೆ ಬರೆದು, ಮಾಮೂಲು ಬೆಳಕಿನಲ್ಲಿ ತೆಗೆದ ಲೇಬಲ್ಲಿನ ಫೋಟೊ ಜೊತೆಗಿಟ್ಟು, ಯಾವ ಸಾಲು ಓದಲಾಗುತ್ತಿಲ್ಲ ಎಂದು ತಿಳಿಸಿ. 'ಕಾಣಿಸುವುದಿಲ್ಲ' ಎಂಬ ದೂರನ್ನು ನಿಮ್ಮ ಕಣ್ಣಿನ ಮೇಲೆ ಹಾಕಿ ತಳ್ಳಿಹಾಕುವುದು ಸುಲಭ. 'ಔಟ್‌ಪುಟ್ ಸಾಲು ಕಪ್ಪಿನ ಮೇಲೆ ಕಪ್ಪಾಗಿದೆ, ಬಿಳಿ ಶಾಯಿಯಲ್ಲಿ ಮುದ್ರಿಸಿ' ಎಂದು ಫೋಟೊ ಸಮೇತ ಬರೆದರೆ ಅದು ವಿನ್ಯಾಸದವರ ಮೇಜಿಗೆ ಹೋಗಬೇಕಾದ ದೂರಾಗುತ್ತದೆ.